ಚಿಕ್ಕಪ್ಪ, ಸ್ಕ್ರೀನ್ ರೆಕಾರ್ಡಿಂಗಿಗೆ ಹಣ ಕಟ್ಟಬೇಡಿ
ಚಿಕ್ಕಪ್ಪ, ನಮಸ್ಕಾರ. ಗಣಿತದ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ತೋರಿಸುತ್ತಾ ವಿಡಿಯೋ ಪಾಠ ಮಾಡಬೇಕೆಂದು ಹೊರಟಿದ್ದನ್ನೂ, ಉಚಿತವೆಂದು ಇಳಿಸಿಕೊಂಡ ತಂತ್ರಾಂಶ ಹತ್ತು ನಿಮಿಷಕ್ಕೇ ನಿಂತುಹೋಗಿ, ಚಿತ್ರದ ನಟ್ಟನಡುವೆ ತನ್ನ ಹೆಸರಿನ ಮುದ್ರೆ ಒತ್ತಿ, ಅದನ್ನು ತೆಗೆಯಲು ಈಗ ಹಣ ಕೇಳುತ್ತಿರುವುದನ್ನೂ ನೀವು ನಿನ್ನೆ ಗುಂಪಿನಲ್ಲಿ ಹೇಳಿಕೊಂಡಿದ್ದಿರಿ. ಆ ಹಣವನ್ನು ದಯವಿಟ್ಟು ಕಟ್ಟಬೇಡಿ. ನಿಮ್ಮದು ವಿಂಡೋಸ್ 11 ಇರುವ ಲ್ಯಾಪ್‌ಟಾಪ್. ನಿಮಗೆ ಬೇಕಾದದ್ದು ಅದರೊಳಗೇ ಇದೆ. ಟೈಪ್ ಮಾಡುವುದಕ್ಕಿಂತ ಹೇಳುವುದು ಸುಲಭವೆಂದು ಮಾತಿನಲ್ಲಿಯೇ ಕಳುಹಿಸುತ್ತಿದ್ದೇನೆ, ಉದ್ದವಾದರೆ ಉಳಿದವರು ಕ್ಷಮಿಸಬೇಕು.

ಸ್ಟಾರ್ಟ್ ಮೆನುವಿನಲ್ಲಿ ಸ್ನಿಪ್ಪಿಂಗ್ ಟೂಲ್ ಎಂದು ಹುಡುಕಿ ತೆರೆಯಿರಿ. ಪರದೆಯ ಫೋಟೋ ತೆಗೆಯಲು ನೀವು ಬಳಸುವುದೂ ಇದನ್ನೇ. ಅದರಲ್ಲಿ ಕ್ಯಾಮೆರಾದ ಚಿತ್ರದ ಪಕ್ಕದಲ್ಲಿರುವ ವಿಡಿಯೋ ಕ್ಯಾಮೆರಾದ ಚಿತ್ರವನ್ನು ಒತ್ತಿ, ನ್ಯೂ ಎಂಬುದನ್ನು ಆರಿಸಿ, ಪರದೆಯ ಎಷ್ಟು ಭಾಗ ಬೇಕೋ ಅಷ್ಟನ್ನು ಮೌಸಿನಿಂದ ಎಳೆದು ಗುರುತಿಸಿದರೆ ಮೇಲ್ಗಡೆ ಒಂದು ಪಟ್ಟಿ ಕಾಣಿಸುತ್ತದೆ. ಅಲ್ಲಿ ಸ್ಟಾರ್ಟ್ ಒತ್ತಿದರೆ ಮೂರು ಎಣಿಸಿ ರೆಕಾರ್ಡಿಂಗ್ ಶುರುವಾಗುತ್ತದೆ. ಒಮ್ಮೆ ಗುರುತಿಸಿದ ಚೌಕಟ್ಟು ನಡುವೆ ಬದಲಾಗುವುದಿಲ್ಲವಾದ್ದರಿಂದ ಇಡೀ ಪರದೆಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಫೈಲು ಎಂಪಿ4 ರೂಪದಲ್ಲಿ ಸಿಗುತ್ತದೆ. ವಿಡಿಯೋ ಕ್ಯಾಮೆರಾದ ಚಿತ್ರವೇ ಕಾಣದಿದ್ದರೆ ಆ ಆ್ಯಪ್ ಹಳೆಯದಾಗಿದೆ ಎಂದರ್ಥ. ಮೊದಲು ಅಪ್‌ಡೇಟ್ ಮಾಡಿ.

ಅಣ್ಣ ನಿಮಗೆ ವಿಂಡೋಸ್ ಮತ್ತು ಜಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಎಂದು ಹೇಳಿದ್ದೂ ತಪ್ಪಲ್ಲ. ಅದು ಎಕ್ಸ್‌ಬಾಕ್ಸ್ ಗೇಮ್ ಬಾರ್. ವಿಂಡೋಸ್ 10ರಲ್ಲಿಯೂ ಇದೆ. ಆದರೆ ಆಟ ಆಡುವವರಿಗಾಗಿ ಮಾಡಿದ ಸಾಧನವಾದ್ದರಿಂದ ಅದು ಒಂದೇ ವಿಂಡೋವನ್ನು ಹಿಡಿದು ಕೂರುತ್ತದೆ. ನೀವು ಸ್ಲೈಡಿನಿಂದ ಕ್ಯಾಲ್ಕ್ಯುಲೇಟರಿಗೆ ಹೋದರೆ ನೋಡುವವರಿಗೆ ಸ್ಲೈಡು ಮಾತ್ರ ಕಾಣುತ್ತದೆ. ಡೆಸ್ಕ್‌ಟಾಪನ್ನಾಗಲಿ ಫೈಲ್ ಎಕ್ಸ್‌ಪ್ಲೋರರನ್ನಾಗಲಿ ಅದು ಸೆರೆಹಿಡಿಯುವುದೇ ಇಲ್ಲ. ನಿಮ್ಮ ಪಾಠಕ್ಕೆ ಅದು ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಧ್ವನಿ. ಎಲ್ಲರೂ ಎಡವುವುದು ಇಲ್ಲಿಯೇ, ಚಿತ್ರದಲ್ಲಿ ಅಲ್ಲ. ನಾನು ಒಮ್ಮೆ ಸಹೋದ್ಯೋಗಿಗಳಿಗೆಂದು ನಲವತ್ತು ನಿಮಿಷ ಬಿಡದೆ ವಿವರಿಸಿ, ಕೊನೆಗೆ ಹಾಕಿ ನೋಡಿದರೆ ಮೌಸು ಮಾತ್ರ ಮೌನವಾಗಿ ಓಡಾಡುತ್ತಿತ್ತು. ಮೈಕನ್ನು ಆನ್ ಮಾಡಿರಲೇ ಇಲ್ಲ. ರೆಕಾರ್ಡಿಂಗಿಗೆ ಬರುವ ಧ್ವನಿಗಳು ಎರಡು ಎಂಬುದನ್ನು ನೆನಪಿಡಿ: ಮೈಕಿನಿಂದ ಬರುವ ನಿಮ್ಮ ಮಾತು ಒಂದು, ಕಂಪ್ಯೂಟರ್ ತಾನೇ ನುಡಿಸುವ ಸದ್ದು ಇನ್ನೊಂದು. ನಾನು ಹೇಳಿದ ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಗುಂಡಿಗಳಿವೆ. ನಿಮಗೆ ಮೈಕು ಸಾಕು, ಎರಡನೆಯದನ್ನು ಆಫ್ ಮಾಡಿಬಿಡಿ. ಎರಡೂ ಬೇಕಾದಾಗ ಇಯರ್‌ಫೋನ್ ಹಾಕಿಕೊಳ್ಳಲೇಬೇಕು; ಇಲ್ಲವಾದರೆ ಸ್ಪೀಕರಿನಿಂದ ಹೊರಟ ಸದ್ದನ್ನು ಮೈಕು ಮತ್ತೆ ಹಿಡಿದು, ಒಂದೇ ಮಾತು ಎರಡೆರಡು ಸಲ ಕೇಳಿಸುತ್ತದೆ. ಬ್ಲೂಟೂತ್ ಹೆಡ್‌ಸೆಟ್ ಇದೆಯಲ್ಲ ಎನ್ನಬೇಡಿ. ಅದರ ಮೈಕನ್ನು ಬಳಸಿದ ಕೂಡಲೇ ಅದು ಸಾಮಾನ್ಯವಾಗಿ ಫೋನ್ ಕರೆಯ ಮಟ್ಟಕ್ಕೆ ಇಳಿಯುವುದರಿಂದ ದನಿ ಡಬ್ಬಿಯೊಳಗಿನಿಂದ ಬಂದಂತಿರುತ್ತದೆ. ಫೋನಿನ ಜೊತೆ ಬಂದ ತಂತಿಯ ಇಯರ್‌ಫೋನಿನ ಮೈಕು, ಫ್ಯಾನಿನ ಮತ್ತು ಕೀಲಿಮಣೆಯ ಸದ್ದನ್ನೆಲ್ಲ ಹೀರುವ ಲ್ಯಾಪ್‌ಟಾಪಿನ ಮೈಕಿಗಿಂತ ಎಷ್ಟೋ ವಾಸಿ.

ಮುಂದೆ ನಿಮ್ಮ ಮುಖವೂ ಒಂದು ಮೂಲೆಯಲ್ಲಿ ಕಾಣಬೇಕೆನಿಸಿದರೆ ಆಗ ಒಬಿಎಸ್ ಸ್ಟುಡಿಯೋ ಹಾಕಿಕೊಳ್ಳೋಣ. ಇದು 2012ರಲ್ಲಿ ಶುರುವಾದ ಮುಕ್ತ ತಂತ್ರಾಂಶ. ಮುದ್ರೆಯಿಲ್ಲ, ಸಮಯದ ಮಿತಿಯಿಲ್ಲ, ಹಣ ಕೇಳುವುದಿಲ್ಲ. ಅದರ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು, ಅಷ್ಟೆ. ಮೊದಲ ನೋಟಕ್ಕೆ ವಿಮಾನ ಓಡಿಸುವವರ ಕೋಣೆಯಂತೆ ಕಾಣುತ್ತದೆ, ಹೆದರಬೇಡಿ. ಸೋರ್ಸಸ್ ಎಂಬಲ್ಲಿ ಡಿಸ್‌ಪ್ಲೇ ಕ್ಯಾಪ್ಚರ್ ಸೇರಿಸಿದರೆ ಪರದೆ ಬರುತ್ತದೆ, ವಿಡಿಯೋ ಕ್ಯಾಪ್ಚರ್ ಡಿವೈಸ್ ಸೇರಿಸಿದರೆ ಮುಖ ಬರುತ್ತದೆ. ಫೈಲಿನ ರೂಪವನ್ನು ಎಂಕೆವಿ ಎಂದೇ ಇಟ್ಟುಕೊಳ್ಳಿ. ಸಾಮಾನ್ಯ ಎಂಪಿ4 ಫೈಲಿಗೆ ಕೊನೆಯಲ್ಲಿ ಒಂದು ವಿವರಪಟ್ಟಿ ಬರೆದು ಮುಗಿಸಬೇಕಾಗುವುದರಿಂದ, ನಡುವೆ ಲ್ಯಾಪ್‌ಟಾಪ್ ಆರಿಹೋದರೆ ಇಡೀ ಪಾಠವೇ ತೆರೆಯದಂತಾಗಬಹುದು. ಎಂಕೆವಿ ಆದರೆ ಅಲ್ಲಿಯವರೆಗಿನದು ಉಳಿಯುತ್ತದೆ. ಆಮೇಲೆ ಫೈಲ್ ಮೆನುವಿನ ರೀಮಕ್ಸ್ ಎಂಬುದರಿಂದ ಕ್ಷಣದಲ್ಲಿ ಎಂಪಿ4 ಮಾಡಿಕೊಳ್ಳಬಹುದು. ಬಿಟ್‌ರೇಟ್ ಅಂದರೆ ಸೆಕೆಂಡಿಗೆ ಬರೆಯುವ ಮಾಹಿತಿಯ ಪ್ರಮಾಣವನ್ನು 2500 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಇಟ್ಟರೆ ಚಿತ್ರಕ್ಕೆ ನಿಮಿಷಕ್ಕೆ ಸುಮಾರು 19 ಎಂಬಿ ಆಗುತ್ತದೆ, ಅರ್ಧ ಗಂಟೆಯ ಪಾಠಕ್ಕೆ 560 ಎಂಬಿಯ ಆಸುಪಾಸು. ಅಕ್ಷರಗಳೇ ತುಂಬಿರುವ, ಹೆಚ್ಚು ಅಲುಗಾಡದ ಪರದೆಗೆ ಇಷ್ಟು ಸಾಕು.

ಅಕ್ಕನ ಮಗಳು ತನ್ನ ಮ್ಯಾಕಿನ ಬಗ್ಗೆಯೂ ಕೇಳಿದ್ದಳು. ಪುಟ್ಟಿ, ನೀನು ಶಿಫ್ಟ್, ಕಮಾಂಡ್ ಮತ್ತು 5 ಒತ್ತು, ಆಪ್ಷನ್ಸ್‌ನಲ್ಲಿ ಮೈಕನ್ನು ಆರಿಸು. 2018ರಲ್ಲಿ ಬಂದ ಮೊಹಾವೆ ಎಂಬ ಮ್ಯಾಕ್ ಆವೃತ್ತಿಯಿಂದ ಈಚಿನ ಎಲ್ಲ ಮ್ಯಾಕ್‌ಗಳಲ್ಲಿ ಇದು ಇದೆ. ಲಿನಕ್ಸ್ ಬಳಸುವ ನಮ್ಮ ಭಾವನವರಿಗೆ ಗ್ನೋಮ್ ಎಂಬ ಡೆಸ್ಕ್‌ಟಾಪಿನ 42ನೇ ಆವೃತ್ತಿಯಿಂದ ಈಚೆಗೆ ಪ್ರಿಂಟ್ ಸ್ಕ್ರೀನ್ ಕೀಲಿಯಲ್ಲೇ ಈ ಸೌಲಭ್ಯವಿದೆಯಾದರೂ, ಅದರಲ್ಲಿ ಧ್ವನಿ ಬರುವುದಿಲ್ಲ ಎಂದು ನೆನಪಿಸಬೇಕಾಗಿದೆ.

ಚಿಕ್ಕಪ್ಪ, ನಿಮಗೆ ಇನ್ನೆರಡು ಮಾತು ಮಾತ್ರ. ನಿಮ್ಮ ಪಾಠವನ್ನು ಹೆಚ್ಚಿನವರು ಫೋನಿನಲ್ಲಿ ನೋಡುವವರಾದ್ದರಿಂದ ಅಕ್ಷರಗಳನ್ನು ನಿಮಗೆ ಅತಿಯೆನಿಸುವಷ್ಟು ದೊಡ್ಡದು ಮಾಡಿಕೊಳ್ಳಿ. ಹಾಗೆಯೇ ರೆಕಾರ್ಡಿಂಗಿಗೆ ಮುಂಚೆ ಡು ನಾಟ್ ಡಿಸ್ಟರ್ಬ್ ಹಾಕಿ. ಇಲ್ಲವಾದರೆ ವರ್ಗಸಮೀಕರಣದ ನಡುವೆ ಈ ಗುಂಪಿನ ಶುಭೋದಯಗಳು ಮೂಲೆಯಿಂದ ಒಂದೊಂದಾಗಿ ಇಣುಕುತ್ತವೆ. ಈಗ ಪಾಠ ಬೇಡ, ಇಪ್ಪತ್ತು ಸೆಕೆಂಡು ಏನಾದರೂ ಮಾತಾಡಿ ರೆಕಾರ್ಡ್ ಮಾಡಿ ಇಲ್ಲಿಗೆ ಕಳುಹಿಸಿ. ದನಿ ಸರಿಯಾಗಿ ಬಂದಿದೆಯೋ ಇಲ್ಲವೋ ನಾನು ಕೇಳಿ ಹೇಳುತ್ತೇನೆ.