ತೊಟ್ಟಿಲ ಥರ ಸೀಟಿರೋ ಹಳೇ ಸೈಕಲ್, ಯಾರಿಗಾದ್ರೂ ಗೊತ್ತಾ?

ಪ್ರಶ್ನೆ: ಒಂದು ಹಳೇ ಫೋಟೋ ನೋಡ್ದೆ, ಸೈಕಲ್ ಸೀಟಿಗೆ ಸ್ಪ್ರಿಂಗೇ ಇಲ್ಲ, ದಾರದಲ್ಲಿ ಹೆಣೆದು ಎರಡು ಕಡೆ ಕಟ್ಟಿ ನೇತು ಹಾಕಿದಾರೆ, ಫ್ರೇಮ್ ತುಂಬಾ ಬೆರಳಷ್ಟು ದಪ್ಪದ ಪೈಪುಗಳು. ಇದು ಆಳಿನ ಭಾರ ಹೇಗ್ ತಡಿಯುತ್ತೆ?

ಉತ್ತರ 1: ಅದು ಡರ್ಸ್ಲಿ ಪೆಡರ್ಸನ್! ನನಗೆ ತುಂಬಾ ಇಷ್ಟವಾದ ಸೈಕಲ್. ಇದನ್ನ ಮಾಡಿದ ಮಿಕೇಲ್ ಪೆಡರ್ಸನ್ ಡೆನ್ಮಾರ್ಕಿನವ್ರು, ಇಂಗ್ಲೆಂಡಿನ ಡರ್ಸ್ಲಿಗೆ ಬಂದು ನೆಲೆಸಿದ್ರು, 1893ರಲ್ಲಿ ಪೇಟೆಂಟ್ ತಗೊಂಡ್ರು. ಮಾಮೂಲಿ ಸೀಟು ಸರಿಹೋಗ್ದೆ ಮೊದ್ಲು ಈ ಸೀಟು ಮಾಡ್ಕೊಂಡು ಆಮೇಲೆ ಅದಕ್ಕೆ ತಕ್ಕ ಹಾಗೆ ಫ್ರೇಮ್ ಕಟ್ಟಿದ್ದು, ಮೊದಲನೇದು ಮರದ್ದು. ಪೈಪೆಲ್ಲ ತ್ರಿಕೋನ ತ್ರಿಕೋನವಾಗಿ ಜೋಡ್ಸಿರೋದ್ರಿಂದ ಯಾವ ಪೈಪೂ ಬಾಗೋ ಪ್ರಶ್ನೆ ಬರಲ್ಲ, ಉದ್ದಕ್ಕೆ ಎಳೆತ ಇಲ್ಲಾ ಒತ್ತಡ ಅಷ್ಟೇ, ಅದಕ್ಕೇ ತೆಳ್ಳಗಿದ್ರೂ ಸಾಕು. ತೊಂದ್ರೆ ಏನಂದ್ರೆ ಸೀಟು ಮೇಲೆ ಕೆಳಗೆ ಮಾಡಕ್ಕಾಗಲ್ಲ, ಅವರವರ ಎತ್ತರಕ್ಕೆ ತಕ್ಕ ಸೈಜೇ ತಗೋಬೇಕಿತ್ತು.

ಉತ್ತರ 2: ಅಮೆರಿಕನ್ ಸ್ಟಾರ್ ಅನ್ನೋ ಸೈಕಲ್ ಕೂಡ ನೋಡಿ, 1880ರ ದಶಕದ್ದು. ಮುಂದೆ ದೊಡ್ಡ ಚಕ್ರ ಇರೋ ಆಗಿನ ಸೈಕಲಲ್ಲಿ ಕಲ್ಲಿಗೆ ತಗುಲಿದ್ರೆ ಮುಂದಕ್ಕೆ ಮುಗ್ಗರಿಸಿ ತಲೆಕೆಳಗಾಗಿ ಬೀಳೋರಲ್ವಾ, ಇದ್ರಲ್ಲಿ ಚಿಕ್ಕ ಚಕ್ರ ಮುಂದೆ, ದೊಡ್ಡದು ಹಿಂದೆ. ಪೆಡಲ್ ಸುತ್ತೋದಲ್ಲ, ಲಿವರ್ ತುಳಿದ್ರೆ ಪಟ್ಟಿ ಎಳೆದು ಚಕ್ರ ತಿರುಗುತ್ತೆ, ಎರಡು ಕಾಲೂ ಒಟ್ಟಿಗೇ ತುಳೀಬಹುದು!

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್, ಇಬ್ರಿಗೂ. ನಮ್ಮ ತಾತನ ಸೈಕಲ್ಲಿಗೆ ವೈರ್ ಬದ್ಲು ಕಬ್ಬಿಣದ ಕಡ್ಡಿ ಬ್ರೇಕ್ ಇದೆ, ಒತ್ತಿದ್ರೆ ರಬ್ಬರ್ ತುಂಡು ಕೆಳಗಿಂದ ಮೇಲಕ್ಕೆ ಬಂದು ರಿಮ್ ಹಿಡಿಯುತ್ತೆ. ಭಾನುವಾರ ಎಣ್ಣೆ ಬಿಟ್ಟು ಫೋಟೋ ಹಾಕ್ತೀನಿ.