ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆದಮೇಲೆ ಜೀನ್ ಟೆಸ್ಟ್ ಮಾಡಿಸಬೇಕಾ?

ಪ್ರಶ್ನೆ (ಗದಗ-ಬೆಟಗೇರಿ): ಅಪ್ಪನಿಗೆ 61 ವರ್ಷ, ಮಗ್ಗದ ಕೆಲಸ. ಹೋದ ತಿಂಗಳು ಹುಬ್ಬಳ್ಳಿಯಲ್ಲಿ ದೊಡ್ಡ ಕರುಳಿನ ಬಲಭಾಗದ ಗಡ್ಡೆ ತೆಗೆದರು. ರಿಪೋರ್ಟಿನಲ್ಲಿ ಟಿ3, ಎನ್0 ಅಂತಿದೆ. ಕರುಳಿನ ಹತ್ತಿರದ 17 ದುಗ್ಧಗ್ರಂಥಿ ನೋಡಿದ್ದಾರೆ, ಒಂದರಲ್ಲೂ ಕ್ಯಾನ್ಸರ್ ಇಲ್ಲ, ಎರಡನೇ ಹಂತ ಅಂದರು. ಒಬ್ಬ ಡಾಕ್ಟರು ಕೀಮೋ ಬೇಡ ಅಂತಾರೆ, ಇನ್ನೊಬ್ಬರು ಕೊಟ್ಟರೆ ಒಳ್ಳೆಯದು ಅಂತಾರೆ. ಜೀನ್ ಟೆಸ್ಟ್ ಮಾಡಿಸಿದರೆ ಕಾಯಿಲೆ ಮತ್ತೆ ಬರುತ್ತಾ ಇಲ್ವಾ ಗೊತ್ತಾಗುತ್ತೆ ಅಂತ ಬೆಂಗಳೂರಿನಲ್ಲಿರೋ ಅಣ್ಣ ಹೇಳ್ತಾನೆ. ಸಾಲ ಮಾಡಿಯಾದರೂ ಮಾಡಿಸಬೇಕಾ ಸರ್?

ಉತ್ತರ (ಕ್ಯಾನ್ಸರ್ ವೈದ್ಯ, ಹುಬ್ಬಳ್ಳಿ): ಸಾಲ ಮಾಡಬೇಡಿ. ಮೊದಲು ಇದನ್ನು ಪೂರ್ತಿ ಓದಿ.

ಇಬ್ಬರು ಡಾಕ್ಟರು ಬೇರೆ ಬೇರೆ ಹೇಳಿದ್ದಕ್ಕೆ ಗಾಬರಿ ಬೇಡ. ಗ್ರಂಥಿಗೆ ಹರಡಿದ ಮೂರನೇ ಹಂತದಲ್ಲಿ ಕೀಮೋ ಬೇಕು ಅನ್ನೋದರಲ್ಲಿ ಗೊಂದಲವಿಲ್ಲ. ಎರಡನೇ ಹಂತ ಹಾಗಲ್ಲ. ನೂರರಲ್ಲಿ 75ರಿಂದ 80 ಜನ ಬರೀ ಆಪರೇಷನ್ನಿನಿಂದಲೇ ಗುಣವಾಗುತ್ತಾರೆ. ಕೀಮೋ ಕೊಟ್ಟರೆ ಇನ್ನೊಂದು ಮೂರು ನಾಲ್ಕು ಜನ ಉಳಿಯಬಹುದು, ಅಷ್ಟೇ. ಆ ಮೂರು ನಾಲ್ಕು ಜನ ಯಾರು ಅಂತ ಮೊದಲೇ ಹೇಳೋಕೆ ಆಗಲ್ಲ.

ನಿಮ್ಮ ಅಣ್ಣ ಹೇಳೋದು ಬಹುಶಃ ಆಂಕೋಟೈಪ್ ಡಿಎಕ್ಸ್ ಥರದ ಟೆಸ್ಟ್. ಗಡ್ಡೆಯಲ್ಲಿ 12 ಜೀನ್ ಎಷ್ಟು ಚುರುಕಾಗಿವೆ ಅಂತ ಅಳೆದು, 0ಯಿಂದ 100ರೊಳಗೆ ಒಂದು ಅಂಕ ಕೊಡುತ್ತಾರೆ. ಬ್ರಿಟನ್ನಿನ ಕ್ವಾಸರ್ ಅಧ್ಯಯನದ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿದ್ದರು. ಆಪರೇಷನ್ ಮಾತ್ರ ಆದವರಲ್ಲಿ ಮೂರು ವರ್ಷದೊಳಗೆ ಕಾಯಿಲೆ ಮರಳಿದ್ದು ಕಡಿಮೆ ಅಂಕದವರಲ್ಲಿ ಶೇ. 12, ನಡುವಿನವರಲ್ಲಿ ಶೇ. 18, ಜಾಸ್ತಿ ಅಂಕದವರಲ್ಲಿ ಶೇ. 22. ನೋಡಿ, ಜಾಸ್ತಿ ಅಂಕ ಬಂದವರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಜನರಿಗೆ ಮರಳಲಿಲ್ಲ. ಇನ್ನೂ ಮುಖ್ಯವಾದದ್ದು, ಕೀಮೋದಿಂದ ಯಾರಿಗೆ ಲಾಭ ಅನ್ನೋದನ್ನು ಆ ಅಂಕ ಹೇಳಲಿಲ್ಲ. ನಿಮಗೆ ಬೇಕಾಗಿದ್ದು ಅದೇ ಅಲ್ವಾ?

ಅದಕ್ಕೂ ಮೊದಲು ಎಂಎಂಆರ್ ಟೆಸ್ಟ್ ಆಗಿದೆಯಾ ಕೇಳಿ. ಎಂಎಲ್ಎಚ್1, ಎಂಎಸ್ಎಚ್2, ಎಂಎಸ್ಎಚ್6, ಪಿಎಂಎಸ್2 ಅನ್ನೋ ನಾಲ್ಕು ಪ್ರೋಟೀನ್ ಗಡ್ಡೆಯಲ್ಲಿ ಇವೆಯಾ ಅಂತ ಬಣ್ಣ ಹಾಕಿ ನೋಡುತ್ತಾರೆ. ಜೀನ್ ಟೆಸ್ಟಿಗೆ ಹೋಲಿಸಿದರೆ ಖರ್ಚು ತುಂಬಾ ಕಡಿಮೆ. ಬಲಭಾಗದ ಗಡ್ಡೆಯಲ್ಲಂತೂ ಬಿಡಲೇಬಾರದು. ಯಾವುದಾದರೂ ಪ್ರೋಟೀನ್ ಇಲ್ಲದಿದ್ದರೆ ಎರಡನೇ ಹಂತದಲ್ಲಿ ಅದು ಒಳ್ಳೆ ಸುದ್ದಿ. ಮರಳುವ ಭಯ ಕಡಿಮೆ. ಇಲ್ಲಿ ಸಾಮಾನ್ಯವಾಗಿ ಕೊಡುವ 5-ಎಫ್‌ಯು ಅನ್ನೋ ಕೀಮೋ ಔಷಧಿ ಒಂದರಿಂದಲೇ ಲಾಭವೂ ಇಲ್ಲ. ಅಲ್ಲಿಗೆ ಚರ್ಚೆ ಮುಗೀತು.

ಪ್ರಶ್ನೆ (ಅದೇ ಗದಗದವರು): ಟೆಸ್ಟ್ ಆಗಿಲ್ಲ ಸರ್. ಬ್ಲಾಕ್ ತಗೊಂಡು ಬನ್ನಿ ಅಂತಾರೆ. ಏನದು?

ಉತ್ತರ: ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಹಿಂದೆ ಜಾಲರಿಯಂಥ ಪ್ಲಾಸ್ಟಿಕ್, ಅಂಚಿನಲ್ಲಿ ನಂಬರ್. ಆಪರೇಷನ್ ಆದ ಕಡೆ ಪೆಥಾಲಜಿ ವಿಭಾಗದಲ್ಲಿ ಅರ್ಜಿ ಕೊಟ್ಟು ಪಡೆಯಿರಿ. ಬ್ಲಾಕಿನ ನಂಬರೂ ರಿಪೋರ್ಟಿನ ನಂಬರೂ ಒಂದೇನಾ ಅಲ್ಲೇ ನಿಂತು ನೋಡಿ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬೇಡಿ, ಮೇಣ ಮೆತ್ತಗಾಗುತ್ತೆ. ಕೆಲಸ ಮುಗಿದ ಮೇಲೆ ವಾಪಸ್ ಇಸ್ಕೊಳ್ಳಿ. ಮುಂದೆ ಯಾವ ಟೆಸ್ಟಿಗೂ ಅದೇ ಬೇಕು.

ಪ್ರಶ್ನೆ (ಹಾವೇರಿ): ರಕ್ತದಲ್ಲೇ ಗೊತ್ತಾಗುತ್ತೆ ಅಂತಾರಲ್ಲ?

ಉತ್ತರ: ಅದು ಸಿಟಿ-ಡಿಎನ್ಎ ಟೆಸ್ಟ್. ಗಡ್ಡೆ ತೆಗೆದ ಮೇಲೂ ಅದರ ಡಿಎನ್ಎ ಚೂರು ರಕ್ತದಲ್ಲಿ ಉಳಿದಿದೆಯಾ ಅಂತ ಹುಡುಕುತ್ತಾರೆ. ನನಗೆ ಇದರ ಮೇಲೆ ಹೆಚ್ಚು ಭರವಸೆ. 2022ರಲ್ಲಿ ಬಂದ ಆಸ್ಟ್ರೇಲಿಯಾದ ಡೈನಮಿಕ್ ಅಧ್ಯಯನದಲ್ಲಿ ಎರಡನೇ ಹಂತದ 455 ಜನರಿದ್ದರು. ರಕ್ತ ನೋಡಿ ತೀರ್ಮಾನಿಸಿದವರಲ್ಲಿ ಶೇ. 15 ಜನ ಮಾತ್ರ ಕೀಮೋ ತಗೊಂಡರು, ಉಳಿದ ಗುಂಪಿನಲ್ಲಿ ಶೇ. 28. ಎರಡು ವರ್ಷದ ಫಲಿತಾಂಶ ಹೆಚ್ಚುಕಡಿಮೆ ಒಂದೇ. ಆದರೆ ರಿಪೋರ್ಟಿಗೆ ಕಾಯುತ್ತಾ ಕೂರಬೇಡಿ. ಕೀಮೋ ಕೊಡೋದಿದ್ದರೆ ಆಪರೇಷನ್ ಆದ ಎಂಟು ವಾರದೊಳಗೆ ಶುರುವಾಗಬೇಕು.

ಪ್ರಶ್ನೆ (ಧಾರವಾಡ): ತಮ್ಮನಿಗೆ 38ಕ್ಕೇ ಈ ಕಾಯಿಲೆ ಬಂತು. ಜೀನ್ ಟೆಸ್ಟ್ ನಮಗೂ ಬೇಕಾ?

ಉತ್ತರ: ನಿಮಗೆ ಬೇಕಿರೋದು ಬೇರೆ ಟೆಸ್ಟ್, ಹುಟ್ಟಿನಿಂದ ಬಂದ ಜೀನ್ ದೋಷ ಹುಡುಕೋದು. ಮೊದಲು ತಮ್ಮನಿಗೆ ಮಾಡಿಸಿ. ಲಿಂಚ್ ಸಿಂಡ್ರೋಮ್ (ಮನೆತನದಲ್ಲಿ ಹರಿದು ಬರುವ, ಕರುಳಿನ ಕ್ಯಾನ್ಸರ್ ತರುವ ಜೀನ್ ದೋಷ) ಅಂತ ಬಂದರೆ ನೀವೆಲ್ಲ ಟೆಸ್ಟ್ ಮಾಡಿಸಿಕೊಳ್ಳಿ. ಆ ದೋಷ ಇದ್ದವರಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕೊಲೊನೊಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡೋದು, ಬೇಕು.

ಪ್ರಶ್ನೆ (ಗದಗದವರು): ಎಂಎಂಆರ್ ಬಂತು ಸರ್. ನಾಲ್ಕೂ ಪ್ರೋಟೀನ್ ಇವೆಯಂತೆ. ಕರುಳು ತೂತಾಗಿರಲಿಲ್ಲ, ಕಟ್ಟಿಕೊಂಡಿರಲಿಲ್ಲ. ನರ, ರಕ್ತನಾಳಕ್ಕೆ ಹೋಗಿಲ್ಲ ಅಂತಲೂ ಬರೆದಿದ್ದಾರೆ.

ಉತ್ತರ: ನಾಲ್ಕೂ ಪ್ರೋಟೀನ್ ಇದ್ದರೂ, ಮರಳುವ ಭಯ ಹೆಚ್ಚಿಸೋ ಬೇರೆ ಲಕ್ಷಣ ನೀವು ಹೇಳಿದ್ದರಲ್ಲಿ ಒಂದೂ ಇಲ್ಲ. ಹಾಗಾಗಿ ನನ್ನ ಒಲವು ಕೀಮೋ ಬೇಡ ಅನ್ನೋ ಕಡೆಗೇ. 12ಕ್ಕಿಂತ ಜಾಸ್ತಿ ಗ್ರಂಥಿ ನೋಡಿರೋದೂ ಧೈರ್ಯದ ವಿಷಯ. ಅಪ್ಪ ಮಗ್ಗದವರು ಅನ್ನೋದನ್ನು ಡಾಕ್ಟರಿಗೆ ತಪ್ಪದೇ ಹೇಳಿ. ಕೀಮೋಗೆ ಕೊಡೋ ಕೇಪ್ಸಿಟಾಬಿನ್ ಮಾತ್ರೆಯಿಂದ ಅಂಗೈ ಕೆಂಪಾಗಿ ಸುಲಿಯಬಹುದು. ಆಕ್ಸಾಲಿಪ್ಲಾಟಿನ್ ಅನ್ನೋ ಇನ್ನೊಂದು ಕೀಮೋ ಔಷಧಿ ಸೇರಿಸಿದರೆ ಬೆರಳು ಜೋಮು ಹಿಡಿದು ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತೆ. ತುಂಡಾದ ಎಳೆ ಹಿಡಿದು ಗಂಟು ಹಾಕೋ ಬೆರಳಿಗೆ ಅದು ಸಣ್ಣ ತೊಂದರೆಯಲ್ಲ. ಜೀನ್ ಟೆಸ್ಟಿಗೆ ಅಂತ ಹೊಂದಿಸಿದ ದುಡ್ಡು ಇದ್ದರೆ ಫಾಲೋ-ಅಪ್‌ಗೆ ಇಡಿ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಕಾಯಿಲೆ ಮರಳಿದೆಯಾ ಅಂತ ಸುಳಿವು ಕೊಡೋ ಸಿಇಎ ರಕ್ತ ಪರೀಕ್ಷೆ, ಡಾಕ್ಟರು ಹೇಳಿದಾಗ ಸಿಟಿ ಸ್ಕ್ಯಾನ್, ವರ್ಷ ತುಂಬಿದಾಗ ಕೊಲೊನೊಸ್ಕೋಪಿ. ಮೊದಲ ಸಿಇಎ ಮಾಡಿಸಿ ಇಲ್ಲೇ ಹಾಕಿ, ನೋಡ್ತೀನಿ.