ಅಪ್‌ಡೇಟ್: ಇಂಪ್ಲಾಂಟ್ ಗಟ್ಟಿಯಾಗಿದ್ದರ ಬಗ್ಗೆ

ಎಡ ಸ್ತನದ ಇಂಪ್ಲಾಂಟ್ ಗಟ್ಟಿಯಾಗಿ ಮೇಲಕ್ಕೆ ಸರಿದಿದೆ, ಮಸಾಜ್ ಮಾಡಿದರೆ ಸರಿಹೋಗುತ್ತಾ ಅಂತ ಕೇಳಿದ್ದೆ. ಸರ್ಜನ್‌ಗೆ ತೋರಿಸಿದೆ. ಕ್ಯಾಪ್ಸುಲರ್ ಕಾಂಟ್ರಾಕ್ಚರ್ (ಇಂಪ್ಲಾಂಟ್ ಸುತ್ತಲಿನ ಪೊರೆ ಬಿಗಿದುಕೊಳ್ಳುವುದು), ಅದರ ತೀವ್ರತೆ ಅಳೆಯುವ 1ರಿಂದ 4ರ ಪಟ್ಟಿಯಲ್ಲಿ ಬೇಕರ್ ಗ್ರೇಡ್ 3 ಅಂದರು. ಅಂದರೆ ಗಟ್ಟಿಯಾಗಿದೆ, ಆಕಾರವೂ ಕೆಟ್ಟಿದೆ. ನೋವೂ ಇದ್ದಿದ್ದರೆ 4. ಅಲ್ಟ್ರಾಸೌಂಡ್‌ನಲ್ಲಿ ಒಡೆದಿರುವುದು ಕಾಣಲಿಲ್ಲ, ಸದ್ಯ!

ಇಂಪ್ಲಾಂಟ್ ಸುತ್ತ ತೆಳು ಪೊರೆ ಕಟ್ಟುವುದು ಎಲ್ಲರಿಗೂ ಇದ್ದದ್ದೇ. ಅದು ದಪ್ಪವಾಗಿ ಬಿಗಿದುಕೊಂಡರೆ ಮಾತ್ರ ತೊಂದರೆ. ಈ ಹಂತದಲ್ಲಿ ಮಸಾಜ್‌ನಿಂದ ಅದು ಸಡಿಲವಾಗುವುದಿಲ್ಲವಂತೆ. ಜೋರಾಗಿ ಹಿಸುಕಿ ಪೊರೆ ಹರಿಯುವುದಂತೂ ಬೇಡವೇ ಬೇಡ, ಇಂಪ್ಲಾಂಟೇ ಒಡೆಯಬಹುದು.

ಪೊರೆ ತೆಗೆದು, ಹೊಸ ಇಂಪ್ಲಾಂಟನ್ನು ಸ್ನಾಯುವಿನ ಕೆಳಗೆ ಇಡುವುದು ಅಂತ ತೀರ್ಮಾನವಾಗಿದೆ. ಹಳೆಯದನ್ನೇ ಹಾಕಬಾರದಾ ಅಂದೆ. ಅದರ ಮೇಲೆ ಬ್ಯಾಕ್ಟೀರಿಯಾದ ಪದರ ಅಂಟಿರಬಹುದು, ಮತ್ತೆ ಹೀಗಾಗುವ ಅಪಾಯ ಜಾಸ್ತಿ ಅಂದರು. ಹೊಸದಕ್ಕೂ ಗ್ಯಾರಂಟಿ ಏನಿಲ್ಲ, ಅದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು.